ಅರ್ಧ ಗಂಟೆಯ ಗೆರೆ

ದಕ್ಷಿಣ ಡಕೋಟದ ಹಾರ್ಲೋ ಕ್ರೀಕ್‌ನ ಹದಿನೆಂಟು ಹಾಸಿಗೆಯ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವವಳು ಮಾರ್ಲಿಸ್ ವಾಂಡರ್‌ವೀನ್ ಒಬ್ಬಳೇ. ಡಾಕ್ಟರಲ್ಲ, ನರ್ಸು. ಆದರೆ ಅವಳಿಲ್ಲದೆ ಆ ಊರಲ್ಲಿ ಒಂದು ಅಪೆಂಡಿಕ್ಸೂ ಹೊರಬರುವ ಹಾಗಿಲ್ಲ, ಸಿಸೇರಿಯನ್ ಮಾತು ಬಿಡಿ. ಕರೆ ಬಂದ ಅರ್ಧ ಗಂಟೆಯೊಳಗೆ ಅವಳು ಆಸ್ಪತ್ರೆಯಲ್ಲಿರಬೇಕು, ಅದು ನಿಯಮ. ಹಾಗಾಗಿ ಇಪ್ಪತ್ತೊಂದು ವರ್ಷ ಅವಳ ಪ್ರಪಂಚ ಕಾರಿನಲ್ಲಿ ಅರ್ಧ ಗಂಟೆ ಹೋಗುವಷ್ಟಕ್ಕೇ ಮುಗಿಯುತ್ತಿತ್ತು. ಅಕ್ಕ ಆರ್ಲೀನಳ ಮನೆ ನಲವತ್ತು ನಿಮಿಷದ ದಾರಿ. "ಆ ಹತ್ತು ನಿಮಿಷ ನನ್ನ ತಂಗೀನ ನುಂಗ್ಬಿಡ್ತು" ಎಂದು ಅಕ್ಕ ಕಂಡಕಂಡವರೆದುರು ಹಂಗಿಸುತ್ತಿದ್ದಳು.

ಇಂಥವಳನ್ನು ನಗರದವರು ಬಿಟ್ಟಾರೆಯೇ? ಅರಿವಳಿಕೆ ನರ್ಸುಗಳಿಗೆ ಈಗ ಎಲ್ಲಿಲ್ಲದ ಬೇಡಿಕೆ, ಮುಂದೆ ಇನ್ನೂ ಹೆಚ್ಚುತ್ತದಂತೆ. ಒಂದೂವರೆ ಪಟ್ಟು ಸಂಬಳ, ಶನಿವಾರ ಭಾನುವಾರ ಬಿಡುವು ಎಂದು ದೊಡ್ಡ ಆಸ್ಪತ್ರೆಯೊಂದು ಬರೆಯಿತು. ಮಾರ್ಲಿಸ್ ಆ ಕಾಗದವನ್ನು ಮ್ಯಾನೇಜರ್ ಡ್ವೈಟ್‌ನ ಮೇಜಿನ ಮೇಲಿಟ್ಟಳು.

"ಎಷ್ಟು ಏರಿಸ್ಲಿ, ಹೇಳು ತಾಯಿ" ಎಂದ ಡ್ವೈಟ್.

"ನಂಗೆ ದುಡ್ಡು ಬೇಡ. ಜೊತೆಗೆ ಇನ್ನೊಬ್ರನ್ನ ತಾ."

"ಎಲ್ಲಿಂದ ತರ್ಲಿ? ಒಬ್ಬೊಬ್ರಿಗೂ ಹತ್ತು ಆಸ್ಪತ್ರೆ ಬಾಗಿಲು ಕಾಯ್ತಿವೆ."

"ಹಾಗಾದ್ರೆ ನಮ್ಮ ಕರ್ಸ್ಟನ್‌ನ ಓದಿಸು. ಅವ್ಳು ಬರೋವರ್ಗೂ ನಾನಿರ್ತೀನಿ."

ಕರ್ಸ್ಟನ್ ನಗರದ ತೀವ್ರನಿಗಾ ಘಟಕದಲ್ಲಿ ಪಳಗಿ ಊರಿಗೆ ಮರಳಿದ್ದ ನರ್ಸು. ಕೈ ಚುರುಕು, ಬಾಯಿ ಇನ್ನೂ ಚುರುಕು. ಆಸ್ಪತ್ರೆ ಫೀಸು ಕಟ್ಟಿ ಓದಲು ಕಳಿಸಿತು. ಆದರೆ ಬೇರೆ ಆಸ್ಪತ್ರೆ ಆ ಫೀಸು ತೀರಿಸಿದರೆ ಅವಳು ಅಲ್ಲಿಗೇ ಹೋಗಬಹುದೆಂದು ಕರಾರಿನಲ್ಲಿತ್ತು. ಮೂರು ವರ್ಷ ಮಾರ್ಲಿಸ್‌ಗೆ ಅದೇ ಚಿಂತೆ. ನಗರದ ಕೆಲಸ ಬೇರೆಯವರ ಪಾಲಾಯಿತು. "ಊರಿಗೆ ಮಾಡಿದ ಉಪಕಾರ ಹೆಣಕ್ಕೆ ಮಾಡಿದ ಶೃಂಗಾರ ಕಣೇ. ಅವ್ಳು ಬರಲ್ಲ ನೋಡ್ತಿರು" ಎಂದಳು ಆರ್ಲೀನ್ ಫೋನಿನಲ್ಲಿ.

ಓದು ಮುಗಿಸಿ, ಲೈಸೆನ್ಸೂ ಪಡೆದು ಕರ್ಸ್ಟನ್ ಡ್ವೈಟ್‌ನ ಕೋಣೆಗೆ ಬಂದಳು. ಕೈಯಲ್ಲಿ ಐದು ಆಸ್ಪತ್ರೆಗಳ ಕಾಗದ, ಎಲ್ಲವೂ ಫೀಸು ತೀರಿಸಲು ತಯಾರು. ಅಲ್ಲೇ ಕೂತಿದ್ದ ಮಾರ್ಲಿಸ್ ಆ ಕಾಗದಗಳನ್ನು ಎಣಿಸಿದಳು. ಹೋಯಿತು, ಇನ್ನು ನನ್ನ ಬದುಕು ಇಷ್ಟೇ ಅಂದುಕೊಂಡಳು.

"ಇಷ್ಟು ಸಂಬಳ ಕೊಡೋಕೆ ನಾನು ಆಸ್ಪತ್ರೆ ಮಾರ್ಬೇಕು" ಎಂದ ಡ್ವೈಟ್.

"ಇದ್ರಲ್ಲಿ ಎಲ್ಲಕ್ಕಿಂತ ಕಡಿಮೆ ಯಾವ್ದೋ ಅಷ್ಟು ಕೊಡಿ, ಸಾಕು. ಆದ್ರೆ ಇಬ್ರಿಗೂ" ಎಂದಳು ಕರ್ಸ್ಟನ್.

"ಇಬ್ರಿಗೂ ಅಂದ್ರೆ?"

"ನಂಗೂ, ಮಾರ್ಲಿಸ್‌ಗೂ. ಇವ್ರು ಬಾಯಿ ಬಿಟ್ಟು ಕೇಳಲ್ಲ, ಅದಕ್ಕೇ ನಾನು ಕೇಳ್ತಿದೀನಿ."

ಡ್ವೈಟ್ ಬೋಳು ತಲೆ ಸವರಿಕೊಂಡ. ಆಸ್ಪತ್ರೆ ಮಂಡಳಿಯ ಅಧ್ಯಕ್ಷರಿಗೆ ಫೋನು ಮಾಡಿದ, ನಿಟ್ಟುಸಿರು ಬಿಟ್ಟ, ಆಗಲಿ ಎಂದ. ಇಡೀ ಊರಿಗೇ ಧೈರ್ಯ ಹೇಳಿ ಮಲಗಿಸಿದ್ದ ಮಾರ್ಲಿಸ್ ಆ ಕುರ್ಚಿಯಲ್ಲೇ ಬಿಕ್ಕಿ ಬಿಕ್ಕಿ ಅತ್ತಳು.

ಇಬ್ಬರೂ ಎರಡು ವಾರ ಜೊತೆಯಲ್ಲೇ ಕೆಲಸ ಮಾಡಿದರು. ಎರಡನೆಯ ಶುಕ್ರವಾರ ಮಧ್ಯಾಹ್ನ ಕರ್ಸ್ಟನ್ ಕೈ ಚಾಚಿದಳು. "ಆಸ್ಪತ್ರೆ ಫೋನು ಇತ್ಲಾಗೆ ಕೊಡಿ. ಸೋಮವಾರದವರ್ಗೂ ನಂದು."

"ನಿಂಗೇನಾದ್ರೂ ಗೊತ್ತಾಗ್ದಿದ್ರೆ?"

"ಗೊತ್ತಾಗತ್ತೆ. ಹೊರಡಿ ಸುಮ್ನೆ."

ಮಾರ್ಲಿಸ್ ಫೋನು ಕೊಟ್ಟಳು. ಕಾರು ಹತ್ತಿ, ಗಡಿಯಾರ ನೋಡದೆ ಅಕ್ಕನ ಮನೆಯತ್ತ ಹೊರಟಳು.