ಹಳೆಯದೆಂದು ಹೇಳಿದ ಟೇಪ್ ರೆಕಾರ್ಡರ್

ಅಟ್ಟದಿಂದ ಇಳಿಸಿದ ಟೇಪ್ ರೆಕಾರ್ಡರಿನ ಮೂಲೆಯಲ್ಲಿ ಬೆರಳಿಗೊಂದು ಗೀರು ತಾಗಿತು. ಆ ಗೀರಿನ ಮೇಲೆ ನಮ್ಮ ಮನೆತನದ ಮಾನವೇ ನಿಂತಿದ್ದ ಕಾಲವೊಂದಿತ್ತು ಎಂದರೆ ನೀವು ನಗಬಹುದು. ನಗಿ, ನಾನೂ ನಕ್ಕಿದ್ದೇನೆ.

ಗೀರು ನನ್ನ ಅಣ್ಣನದು. ತೊಂಬತ್ತರ ದಶಕದ ಕೊನೆಗೆ ಅವನು ಮಸ್ಕತ್ತಿನಲ್ಲಿ ಕೆಲಸಕ್ಕಿದ್ದ. ಹಿರೇಗುತ್ತಿಯಲ್ಲಿದ್ದ ಅವ್ವಿಗೆ, ಅಂದರೆ ನಮ್ಮ ತಾಯಿಗೆ, ಅಕ್ಷರ ಬಾರದು. ಅವಳು ಪಕ್ಕದ ಮನೆಯ ಟೇಪಿನ ಮುಂದೆ ಕೂತು ಕ್ಯಾಸೆಟ್ಟಿನಲ್ಲಿ ಮಾತಾಡಿ, ಗಲ್ಫಿಗೆ ಹೊರಟವರ ಕೈಲಿ ಕಳಿಸುವಳು. ಅಣ್ಣ ಕೇಳಿ, ಅದರ ಮೇಲೆಯೇ ಉತ್ತರ ತುಂಬಿ ಹಿಂದೆ ಕಳಿಸುವನು. ಹೀಗೆ ಒಂದೇ ಕ್ಯಾಸೆಟ್ಟು ವರ್ಷಗಟ್ಟಲೆ ಸಮುದ್ರ ದಾಟಿತು. ಮಿತವ್ಯಯಕ್ಕೆ ನಮ್ಮಲ್ಲಿ ಅಷ್ಟು ಮರ್ಯಾದೆ. ಕೊನೆಯ ಸಲ ಅವಳು, "ಎಂತ ಹೇಳೂದು ಮತ್ತೆ, ಸುದ್ದಿ ಎಲ್ಲಾ ಆತು. ಒಂದು ಹಾಡು ಹೇಳ್ತೆ" ಎಂದು ಭತ್ತದ ನೆಟ್ಟಿಯ ಹಾಡು ಹಾಡಿದ್ದಳು. ಅಣ್ಣ ಉತ್ತರ ತುಂಬುವ ಮೊದಲೇ ತೀರಿಕೊಂಡಳು.

ಅಣ್ಣನಿಗೆ ರಜೆ ಸಿಕ್ಕಿದ್ದು ತಿಂಗಳುಗಳ ಮೇಲೆ. ಆ ಹಾಡು ನಮಗೂ ಕೇಳಿಸಲೆಂದು ಹೊಸ ಟೇಪ್ ರೆಕಾರ್ಡರ್ ಕೊಂಡ. ಅವನ ಕೋಣೆಯ ಜೊತೆಗಾರ ಭಟ್ಕಳದವ, ಕಸ್ಟಮ್ಸ್ ಶಾಸ್ತ್ರದಲ್ಲಿ ಘನ ಪಂಡಿತ. "ಡಬ್ಬಿ ಬಿಸಾಕು ಭಾಯಿ. ಮೂಲೇಲಿ ಒಂದು ಗೀರು ಹಾಕು. ಒಳಗೆ ಹಳೇ ಕ್ಯಾಸೆಟ್ ಇರ್ಲಿ. ಹೊಸದು ಅಂತ ಗೊತ್ತಾದ್ರೆ ಡ್ಯೂಟಿ ಕಟ್ಟು ಅಂತಾರೆ."

ಅಣ್ಣನ ಹತ್ತಿರ ಇದ್ದ ಹಳೇ ಕ್ಯಾಸೆಟ್ಟು ಅವ್ವಿಯದೊಂದೇ. ಹಾಡನ್ನು ಅರ್ಧ ಕೇಳಿ ನಿಲ್ಲಿಸಿದ್ದನ್ನು ಹಾಗೆಯೇ ಹಾಕಿಕೊಂಡು ಬಂದ.

ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನಡೆಸಿ ತೋರಿಸಲು ಹೇಳಿದರಂತೆ. ಸುಳ್ಳಿನ ಅಭ್ಯಾಸವಿಲ್ಲದ ಅಣ್ಣನ ಬೆರಳು ಪಕ್ಕದ ಕೆಂಪು ರೆಕಾರ್ಡ್ ಗುಂಡಿಯನ್ನೂ ಅದುಮಿತು. ಟೇಪು ತಿರುಗಿತು, ಸ್ವರ ಬರಲಿಲ್ಲ. ಆದರೂ ಅವರು ನಕ್ಕು ಬಿಟ್ಟುಬಿಟ್ಟರು.

ಊರಿನ ಮನೆಯ ಜಗಲಿಯಲ್ಲಿ ಎಲ್ಲರೂ ಟೇಪಿನ ಸುತ್ತ ಕೂತೆವು. ಅಣ್ಣ ಹಾಡನ್ನು ಮೊದಲಿನಿಂದ ಹಾಕಿದ. ಹಾಡಿನ ನಡುವೆ ಅವ್ವಿಯ ಸ್ವರ ತಟ್ಟನೆ ನಿಂತಿತು. ಟೇಪಿನೊಳಗಿಂದ ಯಾರೋ "ನಯಾ ಹೈ ಕ್ಯಾ?" ಎಂದರು. ಅಣ್ಣನ ಸ್ವರ ತೊದಲಿತು: "ಪುರಾನಾ, ಸಾಬ್. ಹಳೇದು, ಹಳೇದು."

"ತಮ್ಮಾ, ಅವ್ವಿ ಎಲ್ಲಿ ಹೋದ್ಲಾ?" ಎಂದು ಅಕ್ಕ ಅಣ್ಣನನ್ನು ಕೇಳಿದಳು.

ಅಣ್ಣ ಎದ್ದು ಗದ್ದೆಯ ಕಡೆ ನಡೆದ. ಮತ್ತೆಂದೂ ಅವನು ಆ ಟೇಪನ್ನು ಮುಟ್ಟಲಿಲ್ಲ.

ಈಗ ಅವನೂ ಹೋಗಿ ಎರಡು ವರ್ಷ. ಮೊದಲೆಲ್ಲ ಆ ಜಾಗ ಬಂದರೆ ನಾನು ಟೇಪನ್ನು ಮುಂದಕ್ಕೆ ಓಡಿಸುತ್ತಿದ್ದೆ. ಇವತ್ತು ಹಿಂದಕ್ಕೆ ತಿರುಗಿಸಿ ಮೂರು ಸಲ ಕೇಳಿದೆ. ಅಣ್ಣನ ಸ್ವರವೆಂದು ಉಳಿದಿರುವುದು ಅಷ್ಟೇ. "ಹಳೇದು, ಹಳೇದು" ಎಂದು ಅವನು ಸುಮ್ಮನಾಗುತ್ತಾನೆ. ಮಗನ ಮಾತು ಮುಗಿಯಲೆಂದು ಕಾದಿದ್ದವಳಂತೆ ಅವ್ವಿ ಹಾಡು ಎತ್ತಿಕೊಳ್ಳುತ್ತಾಳೆ.