ಎರಡೂ ಕೈ ಹಿಡಿಯುವ ಕೊಟ್ರಮ್ಮ

ಹೊಸಪೇಟೆಯಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಬಳೆಗಾರ್ತಿ ಕೊಟ್ರಮ್ಮ ಹೆಗಲ ಮೇಲಿನ ಬಳೆಯ ಮಲಾರ ಇಳಿಸಿ ಕಟ್ಟೆಯ ಮೇಲೆ ಕೂತಿದ್ದಾರೆ. ಬಳೆ ಏರಿಸುವ ಮುಂಚೆ ಹೆಂಗಸಿನ ಎರಡೂ ಮಣಿಕಟ್ಟು ಹಿಡಿದು ನಾಡಿ ನೋಡುತ್ತಾರೆ. "ಜಲ್ದಿ ಇಡಸಬೇ ಯಕ್ಕ, ಒಲಿ ಮ್ಯಾಲ ಹಾಲೈತಿ" ಎಂದರೂ ಬಿಡುವುದಿಲ್ಲ.

ಗಾಡಿ ಉರುಳಿ ಗಂಡನ ಕಾಲು ಮುರಿದ ಮೇಲೆ ಮಲಾರ ಇವರ ಹೆಗಲಿಗೆ ಬಂತು. ಇಪ್ಪತ್ತೆರಡು ವರ್ಷವಾಯಿತು. ದಿನಕ್ಕೆ ಮೂವತ್ತು ನಲವತ್ತು ಕೈ.

ಎರಡೂ ಕೈ ಹಿಡಿಯುವ ಗೀಳು ಹತ್ತಿದ್ದು ಹೋದ ವರ್ಷ, ಕಂಪ್ಲಿಯಲ್ಲಿ. ಅಲ್ಲಿನ ಯಲ್ಲಕ್ಕ ಎಂಬ ಹರೆಯದ ಸೊಸೆಗೆ ಆಗಾಗ ಸಣ್ಣ ಜ್ವರ, ನೀರು ಸೇದಿದರೆ ಎಡತೋಳು ಸೋಲುವುದು, ಅಷ್ಟೇ. ಒಂದು ದಿನ ತಲೆಸುತ್ತಿ ಬಿದ್ದಳು. ಹೆಂಗಸರ ನಾಡಿ ನೋಡುವುದು ಎಡಗೈಯಲ್ಲಿ, ಅದೇ ಪದ್ಧತಿ. ಊರಿನ ವೈದ್ಯ ಪಂಡಿತರು ಹಿಡಿದು ನೋಡಿದರೆ ನಾಡಿಯೇ ಇಲ್ಲ! ಇನ್ನು ಮೂರು ದಿನ ಎಂದು ಮದ್ದು ನಿಲ್ಲಿಸಿದರು. ಮುತ್ತೈದೆಯಾಗಿ ಹೋಗಲಿ ಎಂದು ಅತ್ತೆ ದ್ಯಾಮಕ್ಕ ಅಳುತ್ತ, ಹಸಿರು ಬಳೆ ಇಡಿಸಲು ಕೊಟ್ರಮ್ಮನಿಗೆ ಹೇಳಿ ಕಳಿಸಿದರು.

"ಹೋಗಿ ನೋಡತೀನಿ, ಸಾಯಾಕಿ ಕುಂತು ರೊಟ್ಟಿ ತಿನ್ನಾಕ ಹತ್ಯಾಳ್ರಿ! ಎಡಗೈ ತಣ್ಣಗ, ಮಿಡಿತಾನ ಇಲ್ಲ. ಬಲಗೈ ಹಿಡಿದ್ರ ಬಡಬಡ ಬಡೀತೈತಿ. ಒಂದ ಮೈಯಾಗ ಒಂದ್ ಕೈ ಸತ್ತು ಒಂದ್ ಕೈ ಬದುಕಿರತೈತೇನ್ರಿ? ನಂಗ ದಿಕ್ಕ ತಿಳೀಲಿಲ್ಲ. ಬಳಿ ಬ್ಯಾಡ, ದವಾಖಾನಿಗೆ ಒಯ್ರಿ ಅಂದೆ. ಭಾಳ ಬೈಸ್ಕೊಂಡೆ," ಎಂದು ಕೊಟ್ರಮ್ಮ ನನಗೆ ಹೇಳಿದರು.

ಹೊಸಪೇಟೆಯ ಡಾಕ್ಟರು ಎರಡೂ ತೋಳಿಗೆ ಪಟ್ಟಿ ಕಟ್ಟಿ ರಕ್ತದ ಒತ್ತಡ ನೋಡಿ ತಾವೂ ತಬ್ಬಿಬ್ಬಾದರಂತೆ. "ಎಡತೋಳಿನ ರಕ್ತನಾಳ ಒಳಗೊಳಗೇ ಬಾತು ದಾರಿ ಸಣ್ಣದಾಗಿದೆ. ವರ್ಷಗಟ್ಟಲೆ ಯಾರಿಗೂ ಗೊತ್ತಾಗದೆ ಇರುತ್ತದೆ. ಹೆಸರೇನೆಂದು ಮದರಾಸಿಗೆ ಬರೆದು ಕೇಳಿದ್ದೇನೆ" ಎಂದು ನನಗೆ ಹೇಳಿದರು. ವಾಸಿಯಾಗುತ್ತದೆಯೇ ಎಂದೆ. ತಲೆ ಅಲ್ಲಾಡಿಸಿದರು, ಹೌದೋ ಅಲ್ಲವೋ, ದೇವರಾಣೆಗೂ ತಿಳಿಯಲಿಲ್ಲ. ಭಾರ ಎತ್ತಬಾರದು, ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಯಲ್ಲಕ್ಕ ಬದುಕಿದ್ದಾಳೆ, ಅದೊಂದು ಖಾತ್ರಿ.

ಆಮೇಲೆ ಸಂಡೂರಿನಲ್ಲೂ ಇಂಥವಳೊಬ್ಬಳು ಕೊಟ್ರಮ್ಮನ ಬೆರಳಿಗೆ ಸಿಕ್ಕಳು. ದಪ್ಪ ಕೈಯಲ್ಲಿ ನಾಡಿ ಸಿಗದೆ ನಾಲ್ವರು ಗಟ್ಟಿಮುಟ್ಟಾದ ಹೆಂಗಸರನ್ನು ಸುಮ್ಮನೆ ದವಾಖಾನೆಗೆ ಓಡಿಸಿದ್ದೂ ಉಂಟು!

ಮೊನ್ನೆ ಪಂಚಮಿಗೆ ದ್ಯಾಮಕ್ಕನೇ ಸೊಸೆಯನ್ನು ಕರೆತಂದು ಈ ಕಟ್ಟೆಯ ಮೇಲೆ ಕೂರಿಸಿದರು. ಅಂದು ಇಡಿಸದೆ ಬಿಟ್ಟಿದ್ದ ಹಸಿರು ಬಳೆ ಇಡಿಸಬೇಕಂತೆ. ಕೊಟ್ರಮ್ಮ ಎಡಗೈಯನ್ನೇ ಮೊದಲು ಹಿಡಿದರು. ಅದು ಇಂದಿಗೂ ಮಿಡಿಯುವುದಿಲ್ಲ.

"ಈ ಕೈ ಯಾಕ ಸುಮ್ಮನೈತೋ ನಂಗಿನ್ನೂ ತಿಳಿದಿಲ್ಲರಿ," ಎನ್ನುತ್ತ ಹನ್ನೆರಡು ಬಳೆ ಏರಿಸಿ, ಆ ಕೈಯನ್ನು ಮೆಲ್ಲಗೆ ಅಲ್ಲಾಡಿಸಿದರು. "ಈಗ ಕೇಳ್ರಿ."