ಕರೆಯಲು ಬಂದವನು ಕೋರ್ಟಿನ ಅಮೀನ

ನನ್ನ ತಂಗಿಯ ಮಗಳು ಗಂಡನ ಮನೆ ಬಿಟ್ಟು ಸೋಲೂರಿನ ತವರಿಗೆ ಬಂದು ಕೂತಾಗ ನಾವು ನಮ್ಮ ಕಡೆಯ ಶಾಸ್ತ್ರೋಕ್ತ ಕ್ರಮವನ್ನೇ ಅನುಸರಿಸಿದೆವು. ಎಂದರೆ, ಸುಮ್ಮನೆ ಕಾದೆವು. ಮುನಿಸಿಕೊಂಡು ಬಂದ ಹೆಣ್ಣನ್ನು ಗಂಡಿನ ಕಡೆಯ ಹಿರಿಯರು ಬಂದು, ಉಂಡು, ಇಬ್ಬರಿಗೂ ಬುದ್ಧಿ ಹೇಳಿ ಕರೆದುಕೊಂಡು ಹೋಗಬೇಕು. ತಾನಾಗಿ ಹೋದರೆ ತವರಿಗೆ ಬೆಲೆಯಿಲ್ಲ. ಅಳಿಯ ಅವಳ ಮೇಲೆ ಕೈ ಮಾಡಿದ್ದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಒಸಿ ಜಗಳ ಅಷ್ಟೆ ಎನ್ನುತ್ತಿದ್ದೆವು.

ಬೇಸಿಗೆ ಕಳೆದರೂ ಅಳಿಯನ ಊರು ಚನ್ನಪಟ್ಟಣದಿಂದ ಹಿರಿಯರು ಬರಲಿಲ್ಲ. ಬಂದವನು ಕೋರ್ಟಿನ ಅಮೀನ. ಅಳಿಯ ‘ದಾಂಪತ್ಯ ಹಕ್ಕುಗಳ ಪುನರ್‌ಸ್ಥಾಪನೆ’ ಕೋರಿದ್ದಾನೆ, ಹಾಜರಾಗಿ ಎಂದು ಸಮನ್ಸು ಕೊಟ್ಟುಹೋದ. ಹೆಂಡತಿ ಮನೆಗೆ ಬರಲಿ ಎನ್ನುವುದನ್ನು ದೇವರ ವಿಗ್ರಹ ಕೂರಿಸುವ ಗಾಂಭೀರ್ಯದಲ್ಲಿ ಬರೆದಿದ್ದರು.

ಅಳಿಯನಿಗೆ ಪ್ರೀತಿ ಐತೆ ಎಂದು ತಂಗಿ ಕಣ್ಣೊರೆಸಿಕೊಂಡಳು. ಅವಳ ಗಂಡ ಕೆರಳಿದ. ಕರೆಯೋಕೆ ಅಮೀನನ್ನ ಕಳಿಸೋರ ಕೋರ್ಟಿಗೆ ಯಾರೂ ಹೋಗಕೂಡದು, ಮರ್ಯಾದೆಯಾಗಿ ಬಂದು ಕರೆಯಲಿ ಎಂದ. ನನಗೆ ಎರಡೂ ಸರಿಕಾಣಲಿಲ್ಲ. ಸೋಲೂರಿಗೆ ಬಸ್ಸಿರುವಾಗ ಕೋರ್ಟಿನ ದಾರಿ ಹಿಡಿಯುವ ಪ್ರೀತಿ ಎಂಥದ್ದು?

ರಾಮನಗರದ ವಕೀಲೆಯೊಬ್ಬರನ್ನು ಕಂಡೆ. ಹೋಗದೆ ಕೂತರೆ ತೀರ್ಪು ಏಕಪಕ್ಷೀಯ, ಅಂದರೆ ಅವನೊಬ್ಬನ ಮಾತು ಕೇಳಿಯೇ ಆಗಬಹುದು ಎಂದರು. ತೀರ್ಪಾಗಿ ಒಂದು ವರ್ಷವಾದರೂ ಇಬ್ಬರೂ ಕೂಡಿ ಬಾಳದಿದ್ದರೆ, ಅದನ್ನೇ ಕಾರಣವಾಗಿಟ್ಟು ಅವನು ವಿಚ್ಛೇದನ ಕೇಳಬಹುದು.

“ಹಂಗಾದ್ರೆ ಇದು ಕರೆಯೋ ಅರ್ಜಿಯೋ, ಬಿಡೋ ಅರ್ಜಿಯೋ?”

“ಎಷ್ಟೋ ಜನಕ್ಕೆ ಕರೆಯೋದೇ ಸಾರ್. ನಿಮ್ಮ ಅಳಿಯನಿಗೆ ಯಾವುದು ಅಂತ ಅವರನ್ನೇ ಕೇಳಬೇಕು.”

ವಕೀಲರನ್ನು ಒಂದೇ ಸಲಕ್ಕೆ ನಂಬುವುದು ನನ್ನ ಜಾಯಮಾನವಲ್ಲ. ಇನ್ನೊಬ್ಬರನ್ನು ವಿಚಾರಿಸಿದೆ. ಅವರೂ ಅದನ್ನೇ ಹೇಳಿದರು; ಇಬ್ಬರೂ ಮಾತಾಡಿಕೊಂಡಿರಬಹುದೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮನೆಯಲ್ಲಿ ಎಲ್ಲವನ್ನೂ ತಂಗಿಯ ಮಗಳಿಗೆ ಹೇಳಿದೆ. ಅವಳು, ಹೋಗಾನ ಮಾವ, ಎಂದಳು.

ಹಾಜರಿಯ ದಿನ ತಂಗಿಯ ಗಂಡ ಮರ್ಯಾದೆ ಕಾಯಲು ಮನೆಯಲ್ಲೇ ಉಳಿದ. ನಾವು ಮೂವರು ಹೋದೆವು; ರಾಮನಗರದ ವಕೀಲೆ ಅಲ್ಲಿ ಜೊತೆಯಾದರು. ಕೋರ್ಟಿನ ಪಡಸಾಲೆಯಲ್ಲಿ ಅಳಿಯ ಇಸ್ತ್ರಿ ಅಂಗಿಯಲ್ಲಿ ನಿಂತಿದ್ದ, ಜೊತೆಗೆ ಅವನ ಸೋದರಮಾವ. ಆ ಹಿರಿಯರು ನಾಲ್ಕು ಜನಕ್ಕೆ ಕೇಳುವಂತೆ, ಮನೆಗೆ ಬಂದ್ಬುಡವ್ವ, ನೀನಿಲ್ದೆ ಬಣಗುಡ್ತದೆ ಎಂದು ಕೈ ಮುಗಿದರು. ತಂಗಿ ಆಗಲೇ ಅಳಲು ಸಿದ್ಧಳಾದಳು.

ಹುಡುಗಿ ಗಂಡನನ್ನೇ ನೋಡಿದಳು. “ಆಯ್ತು. ಇವತ್ತೇ ಬತ್ತೀನಿ. ಸಂಜೆ ಬಸ್ಸಿಗೆ ಹೋಗಾನ.”

ಅವನ ಮುಖ ಬಿಳಿಚಿಕೊಂಡಿತು. “ಇವತ್ತಾ? ವಕೀಲರನ್ನ ಒಂದ್ಮಾತು ಕೇಳ್ಬೇಕು.”

“ಲೇ, ಅವ್ಳು ಬರಾಕಿಲ್ಲ ಅಂದಿದ್ಯಲ್ಲೋ,” ಎಂದು ಅವನ ಸೋದರಮಾವ ಪಿಸುಗುಟ್ಟಿದ್ದು ನಮಗೂ ಕೇಳಿಸಿತು. ಹೆಂಡತಿ ಮನೆಗೆ ಬರಲು ವಕೀಲರ ಅಪ್ಪಣೆ ಬೇಕಾದ ದಾಂಪತ್ಯವನ್ನು ನಾನು ಅವತ್ತೇ ಕಣ್ಣಾರೆ ಕಂಡದ್ದು.

ಅವಳು ನಮ್ಮ ವಕೀಲೆಯತ್ತ ತಿರುಗಿದಳು. “ನಾನು ಹೋಗಾಕಿಲ್ಲ ಮೇಡಂ. ಹೊಡೀತಿದ್ದ, ಅದಕ್ಕೇ ಬಂದೆ ಅಂತ ಬರೀರಿ.”

ಕಾನೂನಿನಲ್ಲಿ ಅದಕ್ಕೆ ಕ್ರೌರ್ಯ ಎನ್ನುತ್ತಾರೆ, ನಮ್ಮ ತಕರಾರು ಅರ್ಜಿಯಲ್ಲಿ ಅದನ್ನೇ ಹಾಕೋಣ ಎಂದರು ವಕೀಲೆ. ಅಷ್ಟು ದೊಡ್ಡ ಮಾತು ಯಾಕೆ, ಮುಂದೆ ರಾಜಿಯಾಗೋದಿದ್ರೆ ಕಷ್ಟ ಎಂದು ತಂಗಿ ಮೆಲ್ಲಗೆ ಮಗಳ ಸೆರಗೆಳೆದಳು.

“ಅವ್ವ, ಏಟು ತಿಂದೋಳು ನಾನು.”

ಒಳಗಿನಿಂದ ಅವಳ ಹೆಸರು ಕೂಗಿದರು. ಸೆರಗು ಬಿಡಿಸಿಕೊಂಡು, ನಮ್ಮಿಬ್ಬರನ್ನೂ ಕರೆಯದೆ, ವಕೀಲೆಯ ಹಿಂದೆ ನಡೆದಳು.